ಭೀಮಕ್ಕನ ಮೊಣಕೈ

ನ್ಯಾಮತಿಯ ಭೀಮಕ್ಕನ ಅಂಗಳಕ್ಕೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಾಚಿದ ಕಾಲುಗಳ ಮೇಲೆ ನಲವತ್ತು ದಿನದ ಕೂಸನ್ನು ಬೋರಲು ಮಲಗಿಸಿಕೊಂಡು ಆಕೆ ಬೆನ್ನಿಗೆ ಹರಳೆಣ್ಣೆ ತಿಕ್ಕುತ್ತಿದ್ದಾಳೆ. ಗೋಡೆಗೊರಗಿ ಮೂವರು ಪೈಲ್ವಾನರು ಕಾದಿದ್ದಾರೆ. ಒಬ್ಬನಿಗೆ ಭುಜ, ಒಬ್ಬನಿಗೆ ಸೊಂಟ, ಚನ್ನಗಿರಿಯಿಂದ ಬಂದವನಿಗೆ ಮೀನಖಂಡ ಹಿಡಿದುಕೊಂಡಿದೆ. ತಾನು ಬಂದು ತಾಸು ಹೊತ್ತಾಯಿತೆಂದು ಭುಜದವನು ಗೊಣಗುತ್ತಾನೆ. ಭೀಮಕ್ಕ ತಿರುಗಿಯೂ ನೋಡುವುದಿಲ್ಲ.

"ಈ ಕೂಸು ನಿನಗಿಂತ ಮೊದ್ಲು ಬಂದೈತೆ, ನಿನಗಿಂತ ಕಮ್ಮಿ ಅಳ್ತೈತೆ. ಸುಮ್ನೆ ಕುಂತ್ಕಳಪ್ಪ."

ದಿನಕ್ಕೆ ಎಂಟೊಂಬತ್ತು ಕೂಸುಗಳು, ಮೂರು ನಾಲ್ಕು ಬಾಣಂತಿಯರು, ಆಮೇಲೆ ಐದಾರು ಪೈಲ್ವಾನರು. ಒಂದು ಸೇರು ಎಣ್ಣೆ ಎರಡು ದಿನಕ್ಕೆ ಬರುವುದಿಲ್ಲ. ಐವತ್ತೆರಡರ ಭೀಮಕ್ಕನ ಹೆಬ್ಬೆರಳುಗಳು ಹಿಂದಕ್ಕೆ ಬಾಗಿಬಿಟ್ಟಿವೆ. ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡವಳಿಗೆ ಅತ್ತೆ ಅಂತರಘಟ್ಟಮ್ಮ ಹೊಲ ಕೊಡಲಿಲ್ಲ, ಇದ್ದರಲ್ಲವೇ ಕೊಡುವುದು. ತನ್ನ ಕೈಕೆಲಸ ಕೊಟ್ಟಳು. ಆರು ತಿಂಗಳು ಬರೀ ಮುಟ್ಟಿ ನೋಡಿಸಿದಳಂತೆ, ತಿಕ್ಕಲು ಬಿಡಲೇ ಇಲ್ಲ. ಮಾತು ಬಾರದ ಕೂಸಿನ ನೋವನ್ನು ಬೆರಳೇ ಹುಡುಕಬೇಕು ಎಂಬುದು ಆ ಮುದುಕಿಯ ಪಾಠ.

ಬಾಣಂತಿಯರ ಅಂಗಳಕ್ಕೆ ಪೈಲ್ವಾನರು ಬಂದದ್ದು ಹೇಗೆ ಎಂದರೆ ಸಾವಿರದ ಒಂಬೈನೂರ ಮೂವತ್ತೆಂಟಕ್ಕೆ ಹೋಗಬೇಕು. ಹೊನ್ನಾಳಿಯ ಕುಸ್ತಿಗೆ ಹನ್ನೆರಡು ದಿನ ಉಳಿದಿದೆ. ನ್ಯಾಮತಿ ಗರಡಿಯ ಅಂಜಿನಪ್ಪನಿಗೆ ಬಲಗಾಲು ಮಡಿಸಲು ಬರುತ್ತಿಲ್ಲ. ಗರಡಿಯವರು ನೋಯುವ ಮಂಡಿಗೇ ಎಣ್ಣೆ ತಿಕ್ಕುತ್ತಾರೆ, ಗರಡಿಯ ಕೆಮ್ಮಣ್ಣು ಮೆತ್ತುತ್ತಾರೆ, ಬೆವರಿದರೆ ಬಿಡುತ್ತದೆಂದು ಇನ್ನೂರು ಬಸ್ಕಿ ಹೆಚ್ಚಿಗೆ ಹೊಡೆಸುತ್ತಾರೆ. ಮಂಡಿ ಕುಂಬಳಕಾಯಿಯಾಗುತ್ತದೆ. ಕೊನೆಗೆ ಅವನ ತಾಯಿ ಅಜ್ಜಮ್ಮ, ಮಗನನ್ನು ಹುಟ್ಟಿದಾಗ ತಿಕ್ಕಿದ ಕೈಗೇ ತಂದು ಒಪ್ಪಿಸುತ್ತಾಳೆ.

ಭೀಮಕ್ಕ ಮಂಡಿಯನ್ನು ಮುಟ್ಟುವುದೇ ಇಲ್ಲ. ಅವನನ್ನು ಚಾಪೆಯ ಮೇಲೆ ಬೋರಲು ಕೆಡವಿ, ಸೊಂಟದಿಂದ ಕೆಳಕ್ಕೆ ಹೆಬ್ಬೆರಳು ಎಳೆಯುತ್ತಾಳೆ. ಕುಂಡಿಯ ನಡುವೆ ಒಂದು ಕಡೆ ಬೆರಳು ನಿಂತದ್ದೇ ಅಂಜಿನಪ್ಪ ಚಾಪೆ ಕಚ್ಚುತ್ತಾನೆ.

"ನೋವು ಮಂಡ್ಯಾಗೈತೆ, ಗಂಟು ಇಲ್ಲೈತೆ," ಎಂದು ಅಲ್ಲಿಗೆ ಮೊಣಕೈ ಊರಿ, ಮೈಭಾರವನ್ನೆಲ್ಲ ಹಾಕಿ ಕಾಯುತ್ತಾಳೆ. ಒತ್ತುವುದಕ್ಕಿಂತ ಕಾಯುವುದೇ ಹೆಚ್ಚು. ಉಸಿರು ಬಿಡು ಎನ್ನುತ್ತಾಳೆ, ಒಳಗಿನ ಗಂಟು ತಾನಾಗಿ ಸಡಿಲವಾಗುವ ತನಕ ಕದಲುವುದಿಲ್ಲ. ಆಮೇಲೆ ಎಕ್ಕದೆಲೆಯ ಶಾಖ. ಜೊತೆಗೊಂದು ಕಟ್ಟಪ್ಪಣೆ: ಐದು ದಿನ ಒಂದು ಬಸ್ಕಿಯೂ ಹೊಡೆಯಕೂಡದು.

ಗರಡಿಯ ಉಸ್ತಾದ್ ಶಿವಮೂರ್ತಪ್ಪ ಬಾಗಿಲಿಗೇ ಬರುತ್ತಾರೆ. ಗರಡಿಗೆ ಹೆಂಗಸರ ನೆರಳೂ ಬೀಳಬಾರದೆನ್ನುವ ಮನುಷ್ಯ.

"ಏನಬೇ, ಪೈಲ್ವಾನನ್ನ ಬಾಣಂತಿ ಮಾಡಾಕೆ ಹತ್ತಿಯೇನು?"

"ಬಾಣಂತಿ ತಡ್ಕಳೋ ನೋವಿನಾಗೆ ಅರ್ಧ ನಿಮ್ಮ ಪೈಲ್ವಾನ ತಡ್ಕಂಡ್ರೆ ಸಾಕು, ಉಸ್ತಾದರೆ."

ಕೂಡಿದವರು ನಗುತ್ತಾರೆ, ಉಸ್ತಾದರು ನಗುವುದಿಲ್ಲ. ಹುಡುಗ ಬಿದ್ದರೆ ಹೆಂಗಸಿನ ಕೈ ತಾಗಿಯೇ ಬಿದ್ದ ಎಂದು ಊರಿಗೆಲ್ಲ ಸಾರುತ್ತೇನೆ, ಆಮೇಲೆ ಯಾವ ತಾಯಿ ಇವಳ ಕಾಲ ಮೇಲೆ ಗಂಡುಕೂಸು ಹಾಕುತ್ತಾಳೋ ನೋಡುತ್ತೇನೆ ಎಂದು ಹೋಗುತ್ತಾರೆ. ಅದು ಬರೀ ಬೆದರಿಕೆಯಲ್ಲ. ಮರುದಿನವೇ ಎರಡು ಮನೆಯವರು ಕೂಸು ಕಳಿಸುವುದಿಲ್ಲ. ಈ ಕೈ ಬಿಟ್ಟರೆ ಭೀಮಕ್ಕನಿಗೆ ಬೇರೆ ಅನ್ನವಿಲ್ಲ. ಆದರೂ ಅಂಜಿನಪ್ಪನಿಗೆ ಹೇಳಿದ್ದನ್ನು ಆಕೆ ಬದಲಿಸುವುದಿಲ್ಲ. ಆರನೆಯ ದಿನ ಅವನು ಹತ್ತು ಬಸ್ಕಿ ಹೊಡೆಯುತ್ತಾನೆ, ಎಂಟನೆಯ ದಿನ ನೂರು.

ಕುಸ್ತಿಯ ದಿನ ಆಕೆ ಮನೆಯಲ್ಲೇ ಇದ್ದಾಳೆ. ಹೆಂಗಸರು ಕುಸ್ತಿಗೆ ಹೋಗುವ ವಾಡಿಕೆ ಇಲ್ಲ. ಕೈಗೆ ಕೆಲಸ ಹತ್ತುವುದಿಲ್ಲ, ಬಾಯಿಗೆ ರೊಟ್ಟಿ ಸೇರುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಗಾಡಿಗಳು ಬರುತ್ತವೆ. ಅಂಜಿನಪ್ಪ ಮೈತುಂಬ ಮಣ್ಣು ಹೊತ್ತು ಅಂಗಳಕ್ಕೆ ಬರುತ್ತಾನೆ. ಎಡಗಾಲು ಮುಂದೆ ಚಾಚಿ, ಬಲಗಾಲೊಂದರ ಮೇಲೇ ಪೂರ್ತಿ ಕುಳಿತು ಎದ್ದು ನಿಲ್ಲುತ್ತಾನೆ. ಅಜ್ಜಮ್ಮ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಾಳೆ. ಎದುರಾಳಿ ಜಗಳೂರಿನ ಸಣ್ಣಪ್ಪ ಕುಸ್ತಿ ಶುರುವಾದಾಗಿನಿಂದ ಅದೇ ಕಾಲಿಗೆ ಕೈಹಾಕಿ ಎಳೆಯುತ್ತಿದ್ದನಂತೆ. ಅದು ನೆಟ್ಟ ಕಂಬದಂತೆ ನಿಂತಿತಂತೆ. ಕೊನೆಗೆ ಸಣ್ಣಪ್ಪನ ಬೆನ್ನೇ ಮಣ್ಣು ಮುಟ್ಟಿತು.

ತಿಂಗಳೊಳಗೆ ಆ ಸಣ್ಣಪ್ಪನೇ ಜಗಳೂರಿನಿಂದ ಹುಡುಕಿಕೊಂಡು ಬಂದ, ಆ ಕಾಲು ಸರಿಮಾಡಿದ ಕೈ ಯಾವುದು ತೋರಿಸ್ರಿ ಎಂದು. ನಮ್ಮೂರಿನ ಹುಡುಗನನ್ನು ಕೆಡವಲು ಬಂದವನಿಗೂ ತಿಕ್ಕುವುದೇ ಎಂದು ಕೆಲವರು ಕೇಳಿದರು. ಭೀಮಕ್ಕ ತಿಕ್ಕಿದಳು.

"ಕೂಸು ಯಾರದು ಅಂತ ಕೇಳಿ ಎಣ್ಣೆ ಹಚ್ಚಾಕೆ ಬರ್ತೈತೇನು?"

ಅದಾಗಿ ಮೂರು ವರ್ಷ. ಭೀಮಕ್ಕನ ಕೈ ಹಾದು ಹೋದವರು ಈ ಸೀಮೆಯಲ್ಲಿ ಹನ್ನೊಂದು ಕುಸ್ತಿ ಗೆದ್ದಿದ್ದಾರೆ. ಕಳೆದ ತಿಂಗಳು ಶಿವಮೂರ್ತಪ್ಪನವರೇ ಕುತ್ತಿಗೆ ತಿರುಗದೆ ಈ ಚಾಪೆಗೆ ಬಂದು, ನಾಲ್ವರು ಬಾಣಂತಿಯರ ಸರದಿ ಮುಗಿಯುವ ತನಕ ಕಾದರು. ಏಳುವಾಗ ನೆಲ ನೋಡಿಕೊಂಡೇ, ಈ ಸಲ ಹೊನ್ನಾಳಿಗೆ ಗರಡಿಯ ಗಾಡಿಯಲ್ಲಿ ನೀನೂ ಬಾ, ಮುಂದೆಯೇ ಜಾಗ ಹಿಡಿಸುತ್ತೇನೆ ಎಂದರು.

ಹೋಗುತ್ತೀಯಾ ಎಂದು ಯಾರಾದರೂ ಕೇಳಿದರೆ ಭೀಮಕ್ಕ ಕೈಯ ಎಣ್ಣೆಯನ್ನು ತನ್ನ ಮೊಣಕಾಲಿಗೆ ಒರೆಸಿಕೊಳ್ಳುತ್ತಾಳೆ.

"ಹೋಗ್ದೆ ಇರ್ತೀನಾ? ಯಾರು ಗೆದ್ರೂ ಸೈ. ನಾನು ನಿಲ್ಸಿದ ಕಾಲು ನಿಂತಿದ್ದನ್ನ ಒಂದು ಸಲ ಕಣ್ಣಾರೆ ನೋಡಬೇಕು."