ಬೊಂಬಾಯಿಗೆ ಹೋಗದೆ ಉಳಿದದ್ದು

ಮೈಸೂರಿನ ಹವೆಗೆ ಮನಸೋತು ಇಲ್ಲಿಯೇ ಮನೆ ಮಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಇದೇ ಊರಿನ ನಮ್ಮ ತಾಂತ್ರಿಕ ಕಾಲೇಜಿನಲ್ಲಿ ಮೇಷ್ಟರುಗಳು ವರ್ಷ ತುಂಬುವ ಮೊದಲೇ ಗಂಟುಮೂಟೆ ಕಟ್ಟುತ್ತಿದ್ದರು. ಬೊಂಬಾಯಿಯ ಸಂಬಳ ಎಳೆಯಿತು ಎಂದು ಹೇಳಿ ಹೋಗುತ್ತಿದ್ದರು. ಬೈಗುಳಕ್ಕೆ ಹೆದರಿ ಓಡಿದೆವು ಎನ್ನುವುದಕ್ಕಿಂತ ಅದರಲ್ಲಿ ಮರ್ಯಾದೆ ಹೆಚ್ಚಲ್ಲವೆ, ನೀವೇ ಹೇಳಿ.

ನಮ್ಮ ಹಳೆಯ ಪ್ರಿನ್ಸಿಪಾಲರು ವಿದ್ವಾಂಸರೇ. ಆದರೆ ಏನೇ ಕೆಟ್ಟರೂ ಹುಡುಗರೆದುರಿಗೇ ಮೇಷ್ಟರ ನೀರಿಳಿಸುತ್ತಿದ್ದರು. ಕೆಡದಿರಬೇಕಾದರೆ ಮುಟ್ಟದಿರುವುದೇ ಮೇಲು ಎಂದು ನಾವು ಕಂಡುಕೊಂಡೆವು. ವಿಲಾಯಿತಿಯಿಂದ ಬಂದ ಆಯಿಲ್ ಎಂಜಿನ್ನನ್ನು ಆಯುಧಪೂಜೆಯ ದಿನ ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ, ಮತ್ತೆ ಮುಸುಕು ಹಾಕುತ್ತಿದ್ದೆವು. ಅದು ಓಡುವ ಬಗೆಯನ್ನು ನಾನು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಿಂದ ಕಲಿಸುತ್ತಿದ್ದೆ. ಇಷ್ಟು ಭಕ್ತಿ ಕಂಡ ಎಂಜಿನ್ನು ಪ್ರಪಂಚದಲ್ಲಿ ಇನ್ನೊಂದಿರಲಾರದು.

ಕೊನೆಗೆ ನನಗೂ ಬೊಂಬಾಯಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಶನಿವಾರದೊಳಗೆ ಒಪ್ಪಿಗೆ ತಿಳಿಸಬೇಕಿತ್ತು. ಇಲವಾಲದ ರೈತರ ಮಗಳಾದ ನನ್ನ ಹೆಂಡತಿ ಬೇಡವೆನ್ನಲಿಲ್ಲ. ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದಳು. ಆ ಸದ್ದು ಕೇಳಿದಾಗಲೆಲ್ಲ ನಾನು ಎದ್ದು ಹೊರಗೆ ಹೋಗಿಬಿಡುತ್ತಿದ್ದೆ. ಊರು ಬಿಡಲು ನನಗೂ ಇಷ್ಟವಿರಲಿಲ್ಲ.

ಅದೇ ವಾರ ಹೊಸ ಪ್ರಿನ್ಸಿಪಾಲರು ಬಂದರು. ಇದೇ ಊರಿನ ಕ್ರೈಸ್ತರು. ಎಂಜಿನ್ನಿನ ಮುಸುಕು ತೆಗೆಸಿ, "ಎಲ್ಲಿ, ಓಡಿಸಿ ನೋಡೋಣ" ಎಂದರು. ಓಡಿಸಿದೆ. ಗಾಬರಿಯಲ್ಲಿ, ಅದನ್ನು ತಂಪಾಗಿಡುವ ನೀರಿನ ನಲ್ಲಿ ತಿರುಗಿಸುವುದನ್ನೇ ಮರೆತೆ. ಎಂಜಿನ್ನು ಕಾದು ಕೆಂಡವಾಗಿ, ಕಿರ್ರೆಂದು ಕಚ್ಚಿಕೊಂಡು ನಿಂತಿತು. ಹುಡುಗರು ಪ್ರಿನ್ಸಿಪಾಲರ ಮುಖ ನೋಡಿದರು. ನಾನು ತಲೆ ತಗ್ಗಿಸಿ, ಇನ್ನು ಬೊಂಬಾಯಿಯ ರೈಲೇ ಗತಿ ಎಂದುಕೊಂಡೆ.

ಅವರು ಕೋಟು ಬಿಚ್ಚಿ ಮೊಳೆಗೆ ನೇತುಹಾಕಿದರು. "ನಾನೂ ಇಂಥದ್ದೊಂದನ್ನ ಕೆಡಿಸಿದೀನಿ ಕಣ್ರೀ. ಸ್ಪ್ಯಾನರ್ ಕೊಡಿ. ಬನ್ರೋ, ಒಳಗೇನಾಗಿದೆ ನೋಡೋಣ."

ಸಂಜೆಯವರೆಗೆ ಬಿಚ್ಚಿದೆವು. ಪಿಸ್ಟನ್ನಿನ ಮೇಲಿನ ಗೀರುಗಳನ್ನು ಹುಡುಗರು ಬೆರಳಾಡಿಸಿ ನೋಡಿದರು. ಹಲಗೆಯ ಮೇಲಿನ ನನ್ನ ಚಿತ್ರಗಳನ್ನು ಅವರು ಅಷ್ಟು ಅಕ್ಕರೆಯಿಂದ ಎಂದೂ ನೋಡಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಎದೆ ಹಗುರಾಯಿತು. ಸರಸ್ವತಿಪುರಂನ ಮನೆಯವರೆಗೂ ಸೈಕಲ್ಲಿನ ಮೇಲೆ ಸಿಳ್ಳೆ ಹಾಕುತ್ತ ಬಂದೆ.

"ಬೊಂಬಾಯಿಗೆ ಹೋಗೋದಿಲ್ಲ ಕಣೇ" ಎಂದೆ.

ಗೋಣಿಚೀಲ ಬಿಟ್ಟು ಎದ್ದು ಬಂದಳು. "ಸಂಬಳ ಜಾಸ್ತಿ ಮಾಡಿದ್ರಾ?"

"ಇಲ್ಲ. ಎಂಜಿನ್ ಕೆಡಿಸಿದೆ. ಅವರು ಬೈಲಿಲ್ಲ."

"ಅಷ್ಟಕ್ಕೇ ಉಳ್ಕೊಂಬುಟ್ರಾ?"

"ಅಷ್ಟಕ್ಕೇ."

ನನ್ನ ಬಿಳಿ ಷರ್ಟಿಗೆ ಮೆತ್ತಿದ್ದ ಮಸಿಯನ್ನು ಅವಳು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಅಂಗಾದ್ರೆ ಇವತ್ತು ನಾನೂ ಬೈಯಲ್ಲ, ಬುಡಿ" ಎಂದಳು.