ಮೂರನೇ ಸೀಟಿ

ಅವ್ವನಿಗೆ ಕಿವಿ ಮಂದವಾದಾಗ ಎಲ್ಲಕ್ಕಿಂತ ಮೊದಲು ಕೇಳದಾದದ್ದು ಕುಕ್ಕರಿನ ಸೀಟಿ. ನಾನು ಕೂಗಿದರೆ ಕೇಳುತ್ತದೆ. ನಾನು ಕೂಗಿದರೆ ಬೈಲಹೊಂಗಲದ ನಮ್ಮ ಓಣಿಗೆಲ್ಲ ಕೇಳುತ್ತದೆ. ಕಿವಿಯ ಮಷಿನ್ ತಂದುಕೊಟ್ಟರೆ, “ಕಿವ್ಯಾಗ ಸಂತಿ ನೆರದಂಗ ಆಗತೈತಿ” ಎಂದು ತೆಗೆದು ಸಕ್ಕರೆ ಡಬ್ಬಿಯ ಹಿಂದೆ ಇಟ್ಟುಬಿಟ್ಟಳು. ಎರಡು ಸಲ ಬೇಳೆ ತಳ ಹಿಡಿಯಿತು. ಆಮೇಲೊಂದು ದಿನ ಕುಕ್ಕರಿನ ರಬ್ಬರೇ ಸುಟ್ಟು ಮನೆಯೆಲ್ಲ ಹೊಗೆ. ಒಲೆಯ ಹತ್ತಿರ ಬರಬೇಡ ಎಂದು ಅಂದೇ ಹೇಳಿದೆ.

ಮನೆಯಲ್ಲಿರುವುದು ನಾವಿಬ್ಬರೇ. ಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ಅಡುಗೆಗೆ ನಿಂತೆ. ಅವ್ವ ಹೊಸ್ತಿಲಾಚೆ ಮಣೆ ಹಾಕಿಕೊಂಡು ಕುಳಿತು, ನನ್ನ ಸಾರನ್ನು ನೋಡಿ, “ಬಣ್ಣ ಚಲೋ ಬಂದೈತಿ” ಎನ್ನುತ್ತಿದ್ದಳು. ರುಚಿಯ ಮಾತೇ ಇಲ್ಲ. ಒಲೆ ಕೈಬಿಟ್ಟ ಮೇಲೆ ಅವಳು ದಿನೇ ದಿನೇ ಸೊರಗಿದಳು.

ಅದಕ್ಕೇ ಬೆಂಕಿಪೆಟ್ಟಿಗೆಯಷ್ಟು ಅಗಲದ ಒಂದು ಮೈಕ್ರೋಕಂಟ್ರೋಲರ್ ಬೋರ್ಡು, ಅಂದರೆ ಒಂದು ಪುಟ್ಟ ಕಂಪ್ಯೂಟರು, ತರಿಸಿದೆ. ಸದ್ದು ಹಿಡಿಯುವ ಪುಟ್ಟ ಮೈಕು ಜೋಡಿಸಿ, ಸೀಟಿಗೊಮ್ಮೆ ದೀಪ ಹತ್ತುವಂತೆ ಪ್ರೋಗ್ರಾಂ ಬರೆದು ತುಂಬಿದರಾಯಿತು. ಬಂದ ಬೋರ್ಡಿಗೆ ಜೀವ ಇದೆಯೋ ಇಲ್ಲವೋ ನೋಡಲು ಬೆಳಿಗ್ಗೆ ಫೋನಿನ ಚಾರ್ಜರಿಗೆ ಸಿಕ್ಕಿಸಿ ಅಡುಗೆಮನೆಯ ಗೂಡಿನಲ್ಲಿಟ್ಟೆ. ಕೆಂಪು ದೀಪ ಮಿಣುಕತೊಡಗಿತು. ಬೋರ್ಡು ಮಾಡಿದವರೇ ತುಂಬಿ ಕಳಿಸಿದ ಪ್ರೋಗ್ರಾಂ ಅದು, ಸುಮ್ಮನೆ ಮಿಣುಕುವುದಷ್ಟೇ ಅದರ ಕೆಲಸ. ಖುಷಿಯಲ್ಲಿ, ಇನ್ನೂ ಕೆಲಸ ಬಾಕಿ ಇದೆ ಎಂಬುದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೂಗಿ ಹೇಳಿದೆ: “ಯವ್ವಾ, ಲೈಟ್ ಮೂರ ಸಲ ಹತ್ತಿದ್ರ ಮೂರ ಸೀಟಿ ಆದಂಗ. ಗ್ಯಾಸ್ ಬಂದ್ ಮಾಡೂದು!” ಹೇಳಿ ಶಾಲೆಗೆ ಹೋದೆ.

ಸಂಜೆ ಬಂದರೆ ಅವ್ವ ಸೆರಗು ಸಿಕ್ಕಿಸಿ ಒಲೆಯ ಮುಂದೆ ನಿಂತಿದ್ದಳು. ನನ್ನ ತಾಟಿನಲ್ಲಿ ಬೇಳೆ ಗೋಲಿಯಂತೆ ಉರುಳಿತು.

“ಭಾರೀ ಅವಸರದ್ದೈತಿ ಇದು,” ಎಂದಳು. “ಗ್ಯಾಸ್ ಹಚ್ಚೂದ್ರಾಗ ಮೂರ ಸಲ ಹತ್ತತೈತಿ. ಹಚ್ಚೂದು, ಬಂದ್ ಮಾಡೂದು, ಮುಂಜಾನಿಯಿಂದ ಅದ ಆಗೇತಿ. ಆದ್ರೂ ನೀ ಹೇಳಿದಂಗ ಮಾಡೇನಿ.”

ಎಲ್ಲರೂ ಈ ವಿದ್ಯೆ ಶುರುಮಾಡುವುದು ದೀಪ ಮಿಣುಕಿಸುವುದರಿಂದ. ನನ್ನ ಪಾಲಿಗೆ ಬಂದದ್ದು ಮಿಣುಕುವ ದೀಪವನ್ನು ನಿಲ್ಲಿಸುವುದು.

ಭಾನುವಾರ ಫೋನಿನ ನೆಟ್ಟಿನಲ್ಲಿ ಲ್ಯಾಪ್‌ಟಾಪಿಗೆ ಸಾಫ್ಟ್‌ವೇರ್ ಇಳಿಸಿದೆ. ಅದು ಇಳಿದ ಮೇಲೆ ಈ ಬೋರ್ಡಿಗೆ ಬೇರೆ ಫೈಲುಗಳು ಬೇಕು ಎಂದಿತು. ಅವೂ ಇಳಿದವು, ಡ್ರೈವರ್ ಎಂಬ ಇನ್ನೊಂದು ಸಾಫ್ಟ್‌ವೇರ್ ಬೇಕು ಎಂದಿತು. ಬೀಗರ ಉಪಚಾರವೂ ಇಷ್ಟು ಕಷ್ಟವಲ್ಲ. ಎಲ್ಲ ಮುಗಿಸಿ ಬೋರ್ಡನ್ನು ಸಿಕ್ಕಿಸಿದರೆ, ಲ್ಯಾಪ್‌ಟಾಪು ಅಂಥದ್ದೇನೂ ಇಲ್ಲಿಲ್ಲ ಎಂದು ಕುಳಿತಿತು. ಬೋರ್ಡು ಮಾತ್ರ ಕಣ್ಣೆದುರೇ ಮಿಣುಕುತ್ತಿತ್ತು.

ಡ್ರೈವರನ್ನು ಕಿತ್ತು ಹಾಕಿದೆ, ಮತ್ತೆ ಹಾಕಿದೆ, ಬೈದೆ. ಕೊನೆಗೆ ಗೊತ್ತಾಯಿತು, ತಪ್ಪು ವೈರಿನದು. ಕೆಲವು ವೈರು ಕರೆಂಟನ್ನೂ ಮಾಹಿತಿಯನ್ನೂ ಒಯ್ಯುತ್ತವೆ. ಕೆಲವು ಕರೆಂಟು ಮಾತ್ರ; ಹೊಸ ಅಳಿಯನ ಹಾಗೆ ಉಣ್ಣುತ್ತವೆ, ಮಾತಾಡುವುದಿಲ್ಲ. ಬಸ್‌ಸ್ಟ್ಯಾಂಡಿನ ಗಾಡಿಗಳಲ್ಲಿ ಕೊಂಡ ನಮ್ಮ ಮನೆಯ ವೈರುಗಳೆಲ್ಲ ಅಳಿಯಂದಿರೇ. ಪೇಟೆಗೆ ಹೋಗಿ, “ಡೇಟಾ ವೈರ್ ಅದಾವೇನ್ರಿ?” ಎಂದು ಅಂಗಡಿ ಅಂಗಡಿ ಕೇಳಿದೆ. “ಇದು ತಗೋರಿ ಅಕ್ಕಾರ, ಚಾರ್ಜ್ ಭಾರೀ ಫಾಸ್ಟ್ ಆಗತೈತಿ” ಎಂದು ಎಲ್ಲರೂ ಇನ್ನೊಬ್ಬ ಅಳಿಯನನ್ನೇ ತೋರಿಸಿದರು.

ಮನೆಗೆ ಬಂದು ಕಪಾಟುಗಳನ್ನೆಲ್ಲ ಬೋರಲು ಹಾಕಿದೆ.

“ಏನ ಹುಡಕಾಕತ್ತಿ?” ಎಂದಳು ಅವ್ವ. ಕೈಯಲ್ಲಿದ್ದ ವೈರು ತೋರಿಸಿದೆ. “ಇವೆಲ್ಲ ಹಗೂರ ಅದಾವ. ಗಟ್ಟಿದು ಬೇಕಂದ್ರ ನನ್ನ ಹಂತೇಕ ಐತಿ.”

ಒಳಗೆ ಹೋಗಿ ಉಪ್ಪಿನಕಾಯಿ ಭರಣಿಯ ಕೊರಳಿಂದ ಕಪ್ಪು ವೈರೊಂದನ್ನು ಬಿಚ್ಚಿ ತಂದಳು. ನನ್ನ ಹಳೆಯ ಫೋನಿನ ಜೊತೆ ಬಂದದ್ದು. ಭರಣಿಯ ಬಾಯಿಗೆ ಅರಿವೆ ಕಟ್ಟಲು ದಾರಕ್ಕಿಂತ ಭದ್ರ ಎಂದು ಯಾವಾಗಲೋ ಎತ್ತಿಟ್ಟುಕೊಂಡಿದ್ದಳು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಿದ್ದೆ. ಹಿಂಗಿನ ವಾಸನೆಯ ಆ ವೈರು ಸಿಕ್ಕಿಸಿದ್ದೇ ತಡ, ಲ್ಯಾಪ್‌ಟಾಪು ಬೋರ್ಡನ್ನು ಗುರುತಿಸಿತು. ಹೊಸ ಪ್ರೋಗ್ರಾಂ ಬೋರ್ಡಿನೊಳಗೆ ಹೋಯಿತು. ದೀಪ ಆರಿತು. ನಾನು ಕುಣಿದೆ.

“ಚಲೋ ಇದ್ದದ್ದನ್ನ ಕೆಡಿಸಿಬಿಟ್ಟಿಯಲ್ಲ!” ಎಂದು ಅವ್ವ ತಲೆಯ ಮೇಲೆ ಕೈ ಹೊತ್ತಳು.

ಮರುದಿನ ಸಂಜೆ ಮೈಕು ಜೋಡಿಸಿ ಬೋರ್ಡನ್ನು ಗೂಡಿನಲ್ಲಿಟ್ಟೆ. ಬೇಳೆ ಇಟ್ಟು ಗ್ಯಾಸ್ ಹಚ್ಚಿದವಳು ಅವ್ವ. ಇದೂ ಕೆಟ್ಟರೆ ಅವಳನ್ನು ಮತ್ತೆ ಆ ಮಣೆಗೇ ಕಳಿಸಬೇಕಲ್ಲ ಎಂದು ನನಗೆ ಭಯ. ಸೀಟಿ ಹೊಡೆಯಿತು, ದೀಪ ಹತ್ತಿ ಆರಿತು. ಅವ್ವ ಒಂದು ಬೆರಳು ಮಡಚಿದಳು. ಮತ್ತೊಂದು ಸೀಟಿ, ಮತ್ತೊಂದು ಬೆರಳು. ಬಾಗಿಲಲ್ಲಿ ನಿಂತ ನನಗೆ ತಡೆಯಲಾಗಲಿಲ್ಲ.

“ಯವ್ವಾ, ಇನ್ನೊಂದ ಆದ್ರ ಬಂದ್ ಮಾಡು!” ಎಂದು ಚೀರಿದೆ.

ದೀಪ ಹತ್ತಿತು. ಸದ್ದು ಯಾರದೆಂದು ಮೈಕಿಗೇನು ಗೊತ್ತು! ಇನ್ನು ಇವತ್ತೂ ಗೋಲಿ ಬೇಳೆಯೇ ಎಂದುಕೊಂಡೆ. ಅವ್ವನ ಕೈ ಗ್ಯಾಸಿನ ಕಡೆ ಹೋದದ್ದು ಅಲ್ಲೇ ನಿಂತಿತು. ಕುಕ್ಕರನ್ನು ನೋಡಿದಳು, ಉಗಿ ಎದ್ದಿರಲಿಲ್ಲ. ತಿರುಗಿ ನನ್ನನ್ನು ನೋಡಿದಳು.

“ಎರಡ ಆಗ್ಯಾವ. ಮೂರನೇದು ನೀನು,” ಎಂದಳು. “ಹೋಗು, ಹೊರಗ ಕುಂದರು. ನನ್ನ ಅಡಗಿ ಕೆಡಸಬ್ಯಾಡ.”

ಬೈಸಿಕೊಂಡು ಇಷ್ಟು ಖುಷಿಪಟ್ಟದ್ದು ನನಗೆ ನೆನಪಿಲ್ಲ. ಹೊಸ್ತಿಲಾಚೆ ಅವ್ವನ ಮಣೆ ಖಾಲಿ ಇತ್ತು. ಹೋಗಿ ಕುಳಿತೆ.