ಬ್ರೇಕ್ ಮೇಡಂ ಹಿಂದಿನ ಸೀಟಿಗೆ ಹೋದದ್ದು

ಆ ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ಅವಳ ಕೈಯಲ್ಲಿ ಪಳಗಿದವರೇ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳದೊಂದು ಡ್ರೈವಿಂಗ್ ಸ್ಕೂಲು. ಸ್ಕೂಲೆಂದರೆ ಒಂದು ಮೇಜು, ಎರಡು ಕುರ್ಚಿ ಹಿಡಿಯುವ ಕೋಣೆ, ಬಾಗಿಲ ಮುಂದೆ ನೆತ್ತಿಯ ಮೇಲೆ ಹಳದಿ ಫಲಕ ಹೊತ್ತ ಸಣ್ಣ ಬಿಳಿ ಕಾರು, ಅಷ್ಟೇ. ಆ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲಡಿಗೂ ಒಂದು ಬ್ರೇಕು ಇತ್ತು. ಕಲಿಯುವವರು ಗಾಬರಿಬಿದ್ದು ಆಕ್ಸಿಲರೇಟರ್ ತುಳಿದರೆ ಅವಳು ಕಿರುಚುತ್ತಿರಲಿಲ್ಲ. ಸುಮ್ಮನೆ ತನ್ನ ಬ್ರೇಕು ಒತ್ತಿ, ಕಾರು ನಿಂತ ಮೇಲೆ, "ಮೊದಲು ಉಸಿರಾಡಿ. ಈಗ ಹೇಳಿ, ಏನಾಯ್ತು?" ಎನ್ನುತ್ತಿದ್ದಳು. ಹಾಗಾಗಿ ಬ್ರೇಕ್ ಮೇಡಂ ಎಂಬ ಹೆಸರು ಬಿತ್ತು. ಬೆನ್ನ ಹಿಂದೆ ಹುಟ್ಟಿದ ಹೆಸರು ಬರಬರುತ್ತಾ ಎದುರಿಗೇ ಕರೆಯುವಷ್ಟು ಸಲೀಸಾಯಿತು. ಅವಳೂ ಬೇಜಾರು ಮಾಡಿಕೊಳ್ಳಲಿಲ್ಲ.

ಅವಳ ಕೈಗೆ ಸಿಕ್ಕೂ ಕಲಿಯದೆ ಹೋದವನೆಂದರೆ ಅವಳ ಗಂಡ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ತಣ್ಣಗಿನ ಮನುಷ್ಯ. ಮದುವೆಯಾದ ಹೊಸದರಲ್ಲಿ ಒಮ್ಮೆ ಅವನನ್ನು ಸ್ಟೇರಿಂಗಿನ ಹಿಂದೆ ಕೂರಿಸಿದ್ದಳು. ಮನೆ ಮುಟ್ಟುವಷ್ಟರಲ್ಲಿ ಇಬ್ಬರೂ ಮಾತು ಬಿಟ್ಟಿದ್ದರು. ಆಮೇಲೆ ಆ ಸುದ್ದಿಗೇ ಹೋಗಲಿಲ್ಲ.

ವಿದೇಶದಲ್ಲಿ ಕಾರು ಬಾಡಿಗೆಗೆ ಹಿಡಿದು, ಒಂದು ತುದಿಯಿಂದ ಇನ್ನೊಂದು ತುದಿಗೆ, ಬೆಟ್ಟ ಹತ್ತಿ ಸರೋವರ ಬಳಸಿ ಸಮುದ್ರದವರೆಗೆ ಹೋಗಬೇಕೆಂಬುದು ಅವಳ ಬಹಳ ವರ್ಷದ ಆಸೆ. "ಮಕ್ಕಳು ನಮ್ಮ ಜೊತೆ ಬರ್ತೀವಿ ಅನ್ನೋ ವಯಸ್ಸಲ್ಲೇ ಹೋಗ್ಬೇಕು. ಇನ್ನೆರಡು ವರ್ಷ ಬಿಟ್ರೆ ಕರೆದರೂ ಬರಲ್ಲ," ಎನ್ನುತ್ತಿದ್ದಳು. ದೊಡ್ಡ ಮಗಳಿಗೆ ಆಗ ಹನ್ನೆರಡು ತುಂಬಿತ್ತು, ಚಿಕ್ಕವಳಿಗೆ ಹತ್ತು. ಎಲ್ಲಿ ತಂಗಬೇಕು, ಯಾವ ದಾರಿ ಹಿಡಿಯಬೇಕು, ಎಲ್ಲ ಅವಳೇ ಗೊತ್ತುಮಾಡಿದಳು. ಕೊನೆಯ ದಿನ ಸಮುದ್ರದ ತುದಿಯ ದೀಪಸ್ತಂಭ. ಅದು ಮಾತ್ರ ತನಗೋಸ್ಕರವೇ ಇಟ್ಟುಕೊಂಡದ್ದು.

ಹೊರಡಲು ಕೆಲವೇ ವಾರ ಇದ್ದಾಗ ಗಂಡ ಊಟದ ಮಧ್ಯೆ, "ನನ್ನ ತಂಗಿಗೂ ಅದೇ ಹೊತ್ತಿಗೆ ರಜ ಇದೆಯಂತೆ. ಕರೀಲಾ? ಕಾರಲ್ಲಿ ಜಾಗ ಇದೆಯಲ್ಲ," ಎಂದ. ಇಲ್ಲ ಎನ್ನಲು ಕಾರಣ ಹೊಳೆಯಲಿಲ್ಲ. ನಾದಿನಿ ಹೋಟೆಲುಗಳಿಗೆ ಪರದೆ, ಹಾಸು ಹೊದಿಕೆ ಮಾರುವ ಕಂಪನಿಯಲ್ಲಿದ್ದಳು. ದೇಶದೇಶ ಸುತ್ತುವ ಕೆಲಸ. ವರ್ಷಕ್ಕೊಮ್ಮೆ ಚಾಕಲೇಟಿನ ಡಬ್ಬಿ ಹಿಡಿದು ಬಂದು, ಮಕ್ಕಳನ್ನು ನಗಿಸಿ ಹೋಗುತ್ತಿದ್ದಳು.

ಆ ದೇಶದಲ್ಲಿ ವಾಹನಗಳು ಓಡುವುದು ರಸ್ತೆಯ ಇನ್ನೊಂದು ಬದಿಯಲ್ಲಿ. ಅದೇನು ಮಹಾ ಎಂದುಕೊಂಡಿದ್ದಳು ಬ್ರೇಕ್ ಮೇಡಂ. ಬಾಡಿಗೆ ಕಾರಿನ ಅಂಗಳದಿಂದ ಹೊರಗೆ ಬಂದದ್ದೇ, ಅವಳ ಕೈಗಳು ಅಭ್ಯಾಸಬಲದಿಂದ ಕಾರನ್ನು ತಪ್ಪು ಬದಿಗೆ ತಿರುಗಿಸಿದವು. ಎದುರಿಗೆ ಒಂದು ಬಸ್ಸು. ಅದು ಹಾರ್ನ್ ಹೊಡೆಯುತ್ತಾ ನಿಂತಿತು, ಇವಳು ಹೇಗೋ ಪಕ್ಕಕ್ಕೆ ತಂದಳು. ಮುಂದೆ ಒಂದು ದೊಡ್ಡ ವೃತ್ತದಲ್ಲಿ ಮತ್ತೆ ಹಾಗೇ ಆಯಿತು. ಇಷ್ಟು ವರ್ಷ ಇನ್ನೊಬ್ಬರ ಕೈಕಾಲಿಗೆ ಕಲಿಸಿದ ಪಾಠ ಅವಳ ಮೈಯಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ತಲೆ ಹೇಳಿದ್ದನ್ನು ಕೈ ಕೇಳುತ್ತಿರಲಿಲ್ಲ.

ದೊಡ್ಡವಳ ಮುಖ ಬಿಳಿಚಿಕೊಂಡಿತ್ತು. "ಅಮ್ಮ, ಸಾಕು. ಅತ್ತೆ ಓಡಿಸ್ಲಿ," ಎಂದಳು.

ನಾದಿನಿ, "ನಂಗೆ ಎರಡು ಕಡೆನೂ ಅಭ್ಯಾಸ ಇದೆ ಅತ್ತಿಗೆ. ಸ್ವಲ್ಪ ದೂರ ನಾನು ತಗೋತೀನಿ, ಆಮೇಲೆ ನೀವೇ," ಎಂದು ಮೆತ್ತಗೆ ಹೇಳಿದಳು. ಆ ಆಮೇಲೆ ಬರಲೇ ಇಲ್ಲ.

ನಾದಿನಿ ಓಡಿಸುವಾಗ ಒಂದು ಕೈ ಸ್ಟೇರಿಂಗಿನ ಮೇಲೆ, ಇನ್ನೊಂದು ಕಿಟಕಿಯ ಅಂಚಿನ ಮೇಲೆ. ತನ್ನ ಶಿಷ್ಯರು ಯಾರಾದರೂ ಹಾಗೆ ಕೂತಿದ್ದರೆ ಬ್ರೇಕ್ ಮೇಡಂ ಅಲ್ಲೇ ಇಳಿಸಿಬಿಡುತ್ತಿದ್ದಳು. ಪಕ್ಕದ ಸೀಟಿನಲ್ಲಿ ಕೂತ ಅವಳ ಕಾಲು ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಹಿಂದಿನಿಂದ ಮಕ್ಕಳಿಬ್ಬರೂ ಕಿಸಕ್ಕನೆ ನಕ್ಕರು. ಮಾರನೆಯ ಬೆಳಿಗ್ಗೆ ದೊಡ್ಡವಳು, "ಅಮ್ಮ, ನೀನು ಹಿಂದೆ ಕೂತ್ಕೋ. ನೀನು ಮುಂದೆ ಇದ್ರೆ ಅತ್ತೆಗೆ ಟೆನ್ಷನ್ ಆಗತ್ತೆ," ಎಂದು ಹೇಳಿ ತಾನೇ ಮುಂದೆ ಹತ್ತಿ ಬೆಲ್ಟು ಹಾಕಿಕೊಂಡಳು. ಗಂಡ ಆಗಲೇ ಹಿಂದೆ ಒಂದು ಮೂಲೆ ಹಿಡಿದು ಕಣ್ಣು ಮುಚ್ಚಿದ್ದ. ಕಾರು ಹೊರಟರೆ ಸಾಕು, ಅವನಿಗೆ ಜಗತ್ತು ಬೇಡ. ಚಿಕ್ಕವಳು ಮಧ್ಯೆ. ಇನ್ನೊಂದು ಮೂಲೆಗೆ ಬ್ರೇಕ್ ಮೇಡಂ ಸೇರಿದಳು, ಕೈಯಲ್ಲಿ ದಾರಿ ತೋರಿಸುವ ಫೋನು.

ಅಲ್ಲಿಂದ ಶುರುವಾಯಿತು ಹೊಟ್ಟೆಯುರಿ. ಮುಂದಿನ ಸೀಟುಗಳಲ್ಲಿ ಏನೋ ಪಿಸುಮಾತು, ಆಮೇಲೆ ಇಬ್ಬರದೂ ನಗು.

"ಏನು ನಗು?" ಎಂದು ಇವಳು ಮುಂದೆ ಬಾಗಿ ಕೇಳಿದರೆ, "ಏನಿಲ್ಲಮ್ಮ," ಎಂಬ ಉತ್ತರ.

ಆ ಏನಿಲ್ಲವನ್ನು ಅವಳು ದಿನವಿಡೀ ಮೆಲುಕು ಹಾಕುತ್ತಿದ್ದಳು. ನಾದಿನಿ ಸಕ್ಕರೆಯಿಲ್ಲದ ಕಾಫಿ ಕುಡಿದರೆ ದೊಡ್ಡವಳಿಗೂ ಅದೇ ಬೇಕು. ಮುಖ ಕಿವುಚಿಕೊಂಡು ಪೂರ್ತಿ ಲೋಟ ಮುಗಿಸಿದಳು. ಒಂದು ಬೆಳಿಗ್ಗೆ ಬ್ರೇಕ್ ಮೇಡಂ ಎಂದಿನಂತೆ ಬಾಚಣಿಗೆ ಹಿಡಿದು ಬಂದರೆ, ವಸತಿಗೃಹದ ಕನ್ನಡಿಯ ಮುಂದೆ ನಾದಿನಿ ಆಗಲೇ ದೊಡ್ಡವಳ ತಲೆಗೆ ಓರೆ ಬೈತಲೆ ತೆಗೆದು, ಒಂದೇ ಬದಿಗೆ ಹೆಣೆದು ಮುಗಿಸುತ್ತಿದ್ದಳು. "ಚೆನ್ನಾಗಿದೆಯಾ ಅಮ್ಮ?" ಎಂದಳು ಮಗಳು. ಚೆನ್ನಾಗಿಯೇ ಇತ್ತು. ಅದೇ ಕಷ್ಟ.

ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿ ಕೂತವಳು ಯಾರು, ಹಲ್ಲು ಕೀಳಿಸಲು ಹೋದಾಗ ಕೈ ಕಚ್ಚಿಸಿಕೊಂಡವಳು ಯಾರು ಎಂದು ಹಿಂದಿನ ಸೀಟಿನಲ್ಲಿ ಕೂತು ತನ್ನಷ್ಟಕ್ಕೆ ವಾದ ಹೂಡುತ್ತಿದ್ದಳು. ಪ್ರತಿವಾದಿ ಮುಂದೆ ಹಾಡು ಗುನುಗುತ್ತಾ ಕಾರು ಓಡಿಸುತ್ತಿದ್ದಳು. ನಾದಿನಿ ಕೆಟ್ಟವಳಾಗಿದ್ದರೆ ಎಷ್ಟೋ ಅನುಕೂಲವಿತ್ತು. ಅವಳೋ, ಎಲ್ಲಿ ನಿಂತರೂ ಮೊದಲು, "ಅತ್ತಿಗೆ, ನಿಮಗೇನು ತರಲಿ?" ಎಂದು ಕೇಳುವವಳು.

ಗಂಡನ ಹತ್ತಿರ ಒಮ್ಮೆ ಬಾಯಿ ಬಿಟ್ಟಳು. "ನೋಡಿದ್ರಾ, ನಿಮ್ಮ ಮಗಳಿಗೆ ನಾನು ಕಣ್ಣಿಗೇ ಕಾಣಲ್ಲ."

"ನೀನು ದಿನಾ ಕಾಣ್ತೀಯಲ್ಲ, ಅದಕ್ಕೆ," ಎಂದ ಅವನು. ಸಮಾಧಾನದ ಮಾತೆಂದೇ ಆಡಿದ್ದು, ಆದರೆ ಅವಳಿಗೆ ಉರಿದದ್ದೇ ಹೆಚ್ಚು.

ಬೆಟ್ಟದ ಸೀಮೆಯಲ್ಲಿ ಒಂದು ಗುಹೆಯಿತ್ತು. ಅದರೊಳಗೆ ನೆಲದಡಿಯ ಕೊಳ, ಅದರ ಮೇಲೆ ದೋಣಿ. ನಾದಿನಿ ಹಿಂದೊಮ್ಮೆ ನೋಡಿದ್ದಳಂತೆ. ಅವಳು ಬಣ್ಣಿಸಿದ ಮೇಲೆ ದೊಡ್ಡವಳು ನಿಂತಲ್ಲಿ ಕೂತಲ್ಲಿ ಅದನ್ನೇ ಜಪಿಸಿದಳು. ಕಡೆಯ ದೋಣಿ ಮಧ್ಯಾಹ್ನವೇ ಹೊರಡುತ್ತದೆಂದು ಬೆಳಿಗ್ಗೆ ಬೇಗ ಹೊರಟರು.

ಒಂದು ಪೆಟ್ರೋಲ್ ಬಂಕು ದಾಟಿದ ಮೇಲೆ ಎಡಕ್ಕೆ ತಿರುಗಬೇಕಿತ್ತು. ಫೋನಿನಲ್ಲಿ ನೀಲಿ ಗೆರೆ ಎಡಕ್ಕೆ ಹೊರಳಿದ್ದು ಬ್ರೇಕ್ ಮೇಡಂಗೆ ಚೆನ್ನಾಗಿ ಕಂಡಿತು. ಬಾಯಿ ತೆರೆಯುವ ಹೊತ್ತಿಗೆ ಮುಂದೆ ದೊಡ್ಡವಳು, "ಅತ್ತೆ, ನಮ್ಮನೆಗೇ ಬಂದುಬಿಡು. ದಿನಾ ಹೀಗೇ ಇರಬಹುದು," ಎಂದಳು.

ಬ್ರೇಕ್ ಮೇಡಂ ತೆರೆದ ಬಾಯಿ ಮುಚ್ಚಿದಳು. ತಿರುವು ಹಿಂದಕ್ಕೆ ಹೋಯಿತು.

ಮುಂದೆ ಹೋದ ಹಾಗೆ ರಸ್ತೆ ಕಿರಿದಾಯಿತು, ಡಾಂಬರು ಮುಗಿದು ಜಲ್ಲಿ ಬಂತು. ಒಂದು ಕಡೆ ಕಡಿದ ಬಂಡೆ, ಇನ್ನೊಂದು ಕಡೆ ಕಣಿವೆ. "ಅತ್ತಿಗೆ, ಸರಿಯಾಗಿದೀವಾ?" ಎಂದು ನಾದಿನಿ ಕೇಳುವಷ್ಟರಲ್ಲಿ ಎದುರಿನಿಂದ ಕಲ್ಲು ತುಂಬಿದ ಲಾರಿಯೊಂದು ಇಳಿದು ಬಂತು. ಅದು ಕಲ್ಲು ಗಣಿಯ ದಾರಿ. ಲಾರಿಯವನು ಕೈಯಾಡಿಸಿ, ಹಿಂದೆ ಹೋಗಿ ಎಂದ. ಭಾರ ಹೊತ್ತ ಲಾರಿ ಹಿಂದಕ್ಕೆ ಏರುವಂತಿರಲಿಲ್ಲ.

ನಾದಿನಿ ರಿವರ್ಸ್ ಗೇರಿಗೆ ಹಾಕಿದಳು, ಹಿಂದೆ ನೋಡಿದಳು, ಕಣಿವೆ ಕಂಡಿತು. "ನನ್ನ ಕೈಲಿ ಆಗಲ್ಲ," ಎಂದಳು. ಅವಳ ದನಿ ಹಾಗೆ ಒಡೆದದ್ದನ್ನು ಯಾರೂ ಕೇಳಿರಲಿಲ್ಲ. ಗಂಡನಿಗೂ ಎಚ್ಚರವಾಯಿತು.

ಬ್ರೇಕ್ ಮೇಡಂ ಕೆಳಗಿಳಿದಳು. ತಾನೇ ಓಡಿಸೋಣವೆಂದರೆ, ಈ ಊರಿನ ಕಾರಿನಲ್ಲಿ ತನ್ನ ಕೈಯನ್ನು ತಾನೇ ನಂಬುವಂತಿರಲಿಲ್ಲ. ಅವಳು ನಾದಿನಿಯ ಕಿಟಕಿಯ ಹತ್ತಿರ ಹೋಗಿ ಮೊದಲು ಹ್ಯಾಂಡ್ ಬ್ರೇಕು ಹಾಕಿಸಿದಳು.

"ಮೊದಲು ಉಸಿರಾಡು. ಕಣಿವೆ ನೋಡ್ಬೇಡ. ಕನ್ನಡೀಲಿ ನನ್ನನ್ನ ನೋಡು. ನಾನು ಹೇಳಿದಷ್ಟೇ ತಿರುಗಿಸು, ನಾನು ನಿಲ್ಲು ಅಂದ ತಕ್ಷಣ ನಿಲ್ಲಿಸು. ಅವಸರ ಏನಿಲ್ಲ, ಲಾರಿಯವರು ಕಾಯ್ತಾರೆ."

ಉಳಿದ ಮೂವರನ್ನೂ ಇಳಿಸಿ, ಕಾರಿನ ಹಿಂದೆ ಬಂಡೆಯ ಬದಿಗೆ ನಿಂತು, ಕೈಸನ್ನೆ ಮಾಡುತ್ತಾ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದಳು. "ಬಾ. ಬಾ. ಸ್ವಲ್ಪ ಬಂಡೆ ಕಡೆಗೆ. ನಿಲ್ಲು. ಸರಿ, ಮತ್ತೆ ಬಾ." ಆ ಹೊತ್ತು ಅವಳ ಮನಸ್ಸಿನಲ್ಲಿ ನಾದಿನಿಯೂ ಇರಲಿಲ್ಲ, ಮಗಳೂ ಇರಲಿಲ್ಲ. ಹೆದರಿದ ಒಬ್ಬ ಶಿಷ್ಯೆ ಇದ್ದಳು, ಅಷ್ಟೇ. ರಸ್ತೆ ಅಗಲವಾದ ಕಡೆ ಕಾರು ಒತ್ತಟ್ಟಿಗೆ ನಿಂತಿತು. ಲಾರಿಯವನು ತಲೆಬಾಗಿಸಿ ದಾಟಿಹೋದ.

ದೊಡ್ಡವಳು ಓಡಿ ಬಂದಳು. ಬ್ರೇಕ್ ಮೇಡಂ ತಾನಾಗಿಯೇ ತೋಳು ಚಾಚಿದಳು. ಮಗಳು ಅವಳ ಪಕ್ಕದಲ್ಲೇ ಹಾದು ಹೋಗಿ ನಾದಿನಿಯನ್ನು ತಬ್ಬಿಕೊಂಡು, "ಅತ್ತೆ, ಎಷ್ಟು ಚೆನ್ನಾಗಿ ಹಿಂದೆ ತಗೊಂಡೆ," ಎಂದಳು.

ಚಾಚಿದ ತೋಳನ್ನು ಏನು ಮಾಡಬೇಕೆಂದು ತೋಚದೆ ಅವಳು ಕಾರಿನ ಡಿಕ್ಕಿಯ ಮೇಲಿನ ಧೂಳು ಒರೆಸಿದಳು.

ಗುಹೆ ಮುಟ್ಟುವಾಗ ಕಡೆಯ ದೋಣಿ ಹೋಗಿಯಾಗಿತ್ತು. ದೊಡ್ಡವಳು ಅಳಲಿಲ್ಲ. ಮುಚ್ಚಿದ ಕಬ್ಬಿಣದ ಗೇಟು ಹಿಡಿದು ಒಳಗೆ ಇಣುಕಿ ನೋಡುತ್ತಾ ನಿಂತಳು. ನಾದಿನಿ, "ನಂದೇ ತಪ್ಪು ಪುಟ್ಟಿ. ಬೋರ್ಡು ನೋಡಲೇ ಇಲ್ಲ," ಎಂದಳು. ಅಲ್ಲ, ನಂದು ಎಂದು ಬ್ರೇಕ್ ಮೇಡಂ ಹೇಳಬೇಕಿತ್ತು, ಹೇಳಲಿಲ್ಲ.

ಸಂಜೆ ತಂಗಿದ ಕಡೆ ಬ್ರೇಕ್ ಮೇಡಂ ಸಾಕ್ಸು ಒಗೆಯುತ್ತಿದ್ದಾಗ ಚಿಕ್ಕವಳು ಬಂದು ಬಚ್ಚಲ ಬಾಗಿಲಿಗೆ ಒರಗಿ ನಿಂತಳು.

"ಅಮ್ಮ, ನಾನೂ ಫೋನು ನೋಡ್ತಿದ್ದೆ. ಎಡಕ್ಕೆ ಅಂತ ಇತ್ತು."

ಬ್ರೇಕ್ ಮೇಡಂ ಸಾಕ್ಸನ್ನು ಇನ್ನಷ್ಟು ಜೋರಾಗಿ ಉಜ್ಜಿದಳು.

"ನಾನು ಯಾರಿಗೂ ಹೇಳಲ್ಲ," ಎಂದಳು ಚಿಕ್ಕವಳು. ಸ್ವಲ್ಪ ಯೋಚಿಸಿ, "ನಂಗೂ ಅಕ್ಕನ ಮೇಲೆ ಹಾಗೇ ಆಗತ್ತೆ. ಆದ್ರೆ ನಾಳೆಯಿಂದ ಕಿಟಕಿ ಪಕ್ಕ ನಾನು," ಎಂದು ಸೇರಿಸಿದಳು.

ಬ್ರೇಕ್ ಮೇಡಂಗೆ ನಗುವೂ ಬಂತು, ನಾಚಿಕೆಯೂ ಆಯಿತು. ಕಿಟಕಿ ಕೊಟ್ಟಳು.

ಬೆಳಗಿನ ತಿಂಡಿಯ ಹೊತ್ತಿಗೆ, "ಇವತ್ತು ಇಲ್ಲೇ ಇದ್ದು ಗುಹೆ ನೋಡೋಣ. ಒಂದು ದಿನ ಕಮ್ಮಿಯಾಗತ್ತೆ, ದೀಪಸ್ತಂಭ ಬಿಡೋಣ," ಎಂದಳು. ಗಂಡ ತಲೆಯೆತ್ತಿ ನೋಡಿದ. "ನೀನು ಇಷ್ಟು ದೂರ ಬಂದಿದ್ದೇ ಅದಕ್ಕಲ್ವಾ?" ಎಂದ. "ದೀಪಸ್ತಂಭ ಎಲ್ಲಿಗೂ ಹೋಗಲ್ಲ," ಎಂದು ಅವಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಕೂತಳು. ನಿಜವಾದ ಕಾರಣವನ್ನು ಹೇಳಲಿಲ್ಲ. ಆಮೇಲೂ ಯಾರಿಗೂ ಹೇಳಲಿಲ್ಲ.

ದೋಣಿಗೆ ನಾಲ್ಕೇ ಜನ. ಮುಂದಿನ ದೋಣಿಗೆ ಬಹಳ ಹೊತ್ತು ಕಾಯಬೇಕಿತ್ತು. "ನೀವು ಹೋಗಿ ಅತ್ತಿಗೆ, ನಾನು ನೋಡಿದೀನಿ," ಎಂದಳು ನಾದಿನಿ. ದೊಡ್ಡವಳ ಮುಖ ಸಣ್ಣಗಾದದ್ದು ಇಬ್ಬರಿಗೂ ಕಂಡಿತು. "ಇಲ್ಲ, ನೀನೇ ಹೋಗು. ನಂಗೆ ಕತ್ತಲು ಆಗಿಬರಲ್ಲ," ಎಂದು ಬ್ರೇಕ್ ಮೇಡಂ ಸುಳ್ಳು ಹೇಳಿದಳು. ದೋಣಿ ಹೊರಟಿತು. ಮುಂದಿನ ಹಲಗೆಯ ಮೇಲೆ ಅತ್ತೆ, ಸೊಸೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಎಲ್ಲರ ಕೋಟು, ಚೀಲ ತೊಡೆಯ ಮೇಲೆ ಹೇರಿಕೊಂಡು, ಹೊರಗಿನ ಬೆಂಚಿನಲ್ಲಿ ಕೂತು ಅವಳು ಮನಸಾರೆ ಹೊಟ್ಟೆಕಿಚ್ಚು ಪಟ್ಟಳು. ನೋಡುವವರಿರಲಿಲ್ಲ, ಹಾಗಾಗಿ ಮುಖವನ್ನೂ ತಿದ್ದಿಕೊಳ್ಳಲಿಲ್ಲ.

ದೋಣಿ ಮರಳಿದಾಗ ಎಲ್ಲರಿಗಿಂತ ಮೊದಲು ಹಾರಿಕೊಂಡು ಬಂದವಳು ದೊಡ್ಡವಳು. "ಅಮ್ಮ, ಕೇಳು," ಎಂದು ಚೀಲ ಸರಿಸಿ ಪಕ್ಕದಲ್ಲಿ ಕೂತಳು. ನೀರು ಗಾಜಿನ ಹಾಗಿತ್ತು, ಎಲ್ಲಿ ಬಂಡೆ ಮುಗಿದು ಎಲ್ಲಿ ನೀರು ಶುರುವೆಂದು ಗೊತ್ತೇ ಆಗುತ್ತಿರಲಿಲ್ಲ, ಒಂದು ಕಡೆ ದೋಣಿಯವನು ದೀಪ ಆರಿಸಿದ, ಅಪ್ಪ ಹೆದರಿ ಚಿಕ್ಕವಳ ಕೈ ಹಿಡಿದುಕೊಂಡರು ಎಂದು ಒಂದೇ ಉಸಿರಿಗೆ ಹೇಳತೊಡಗಿದಳು. ಉಳಿದವರೆಲ್ಲ ನೋಡಿ ಬಂದವರು. ಕೇಳಲು ಇದ್ದವಳು ಅಮ್ಮನೊಬ್ಬಳೇ. ಬ್ರೇಕ್ ಮೇಡಂ ಒಂದನ್ನೂ ತಿದ್ದಲಿಲ್ಲ. ನಡುವೆ, "ಆಮೇಲೆ?" ಎಂದಳು, ಅಷ್ಟೇ. ಮಗಳ ಒದ್ದೆ ತೋಳು ಅವಳ ತೋಳಿಗೆ ಅಂಟಿಕೊಂಡಿತ್ತು.

ಅಷ್ಟರಲ್ಲಿ ನಾದಿನಿ ಐದು ಲೋಟ ಕಾಫಿಯ ತಟ್ಟೆ ಹಿಡಿದು ಬಂದಳು. ಮಗಳು ಮಾತಿನ ಮಧ್ಯದಲ್ಲೇ ಅತ್ತ ತಿರುಗಿ, "ಅಲ್ವಾ ಅತ್ತೆ?" ಎಂದು ಸಾಕ್ಷಿ ಕೇಳಿದಳು. ಬ್ರೇಕ್ ಮೇಡಂ ಒಳಗೆ ಮತ್ತೆ ಚುರ್ರೆಂದಿತು. ಅವಳು ಮಗಳ ಕಡೆಗೆ ಒತ್ತಿ ಸರಿದು ನಾದಿನಿಗೆ ಬೆಂಚಿನಲ್ಲಿ ಜಾಗ ಮಾಡಿಕೊಟ್ಟಳು, ಆದರೆ ಮಗಳ ಇನ್ನೊಂದು ಬದಿಯಲ್ಲಲ್ಲ, ತನ್ನ ಇನ್ನೊಂದು ಬದಿಯಲ್ಲಿ.